ಹಳಿ ಹಾಸಿದವರ ಹೆಸರುಗಳು



ಕದ್ರಾದ ಅಣೆಕಟ್ಟನ್ನು ಬಿಟ್ಟು ಪಶ್ಚಿಮಾಭಿಮುಖವಾಗಿ ಹರಿಯುವ ಕಾಳೀನದಿಯು, ಕಡಲನ್ನು ಸೇರುವುದಕ್ಕೆ ಮುಂಚೆ, ಅಸ್ನೋಟಿ ಮತ್ತು ಕಾರವಾರ ನಿಲ್ದಾಣಗಳ ನಡುವೆ ಕೊಂಕಣ ರೈಲ್ವೆಯ ಸೇತುವೆಯ ಕೆಳಗೆ ಹಾದುಹೋಗುತ್ತದೆ. ಈ ಮಾರ್ಗದಲ್ಲಿಯೇ ಸುಮಾರು 3 ಕಿಲೋಮೀಟರ್ ಉದ್ದದ ಕಾರವಾರ ಸುರಂಗವಿರುವುದು. 1990ರಲ್ಲಿ ಕೈಗೊಂಡ ಈ ಮಹಾಕಾರ್ಯವು 1998ರಲ್ಲಿ ಪೂರ್ಣವಾಯಿತು. ಅದನ್ನು ನಡೆಸಿದ ಶ್ರೀ ಇ. ಶ್ರೀಧರನ್ ಅವರ ಹೆಸರನ್ನು ಎಲ್ಲರೂ ಬಲ್ಲರು. ಆದರೆ ಸುರಂಗದೊಳಗೆ ಕಲ್ಲೊಡೆದವನ ಹೆಸರೇನು? ಇದೇ ಪ್ರಶ್ನೆಯು ದೂರದ ಅಮೆರಿಕಾ ದೇಶದಲ್ಲಿ ಒಂದೂವರೆ ಶತಮಾನದಿಂದ ಉಳಿದುಬಂದಿದೆ. ಆ ಕಥೆಯನ್ನು ಈ ದಿನ ತಮ್ಮ ಮುಂದಿಡುತ್ತೇನೆ.

ಆ ಖಂಡದ ಪೂರ್ವಪಶ್ಚಿಮಗಳನ್ನು ಜೋಡಿಸುವ ರೈಲುಹಾದಿಯ ಪಶ್ಚಿಮಭಾಗವನ್ನು ಸೆಂಟ್ರಲ್ ಪೆಸಿಫಿಕ್ ಕಂಪೆನಿಯು 1863ರಲ್ಲಿ ಕ್ಯಾಲಿಫೋರ್ನಿಯಾದಿಂದ ಪ್ರಾರಂಭಿಸಿತು. ಬಿಳಿಯ ಕೂಲಿಕಾರರು ಸಾಲದೆ ಹೋದಾಗ ಚೀನೀಯರನ್ನು ಕರೆಯಲಾಯಿತು. ಮೇಲ್ವಿಚಾರಕನಾದ ಸ್ಟ್ರೋಬ್ರಿಡ್ಜನು, ಕೃಶಶರೀರಿಗಳಾದ ಇವರಿಂದ ಈ ಕೆಲಸವಾದೀತೇ ಎಂದು ಮೊದಲು ಸಂಶಯಪಟ್ಟನು. ಕೆಲವು ವರ್ಷಗಳಲ್ಲಿಯೇ ಕಂಪೆನಿಯ ಕೂಲಿಕಾರರಲ್ಲಿ ನೂರಕ್ಕೆ ಎಂಬತ್ತಕ್ಕಿಂತ ಹೆಚ್ಚು ಮಂದಿ ಚೀನೀಯರೇ ಆದರು. ಇವರಲ್ಲಿ ಬಹುಮಂದಿ ದಕ್ಷಿಣ ಚೀನದ ಗುವಾಂಗ್‌ಡಾಂಗ್ ಪ್ರಾಂತದ ರೈತಾಪಿ ಮಕ್ಕಳು.

ಸಿಯೆರ್ರಾ ನೆವಾಡಾ ಪರ್ವತದ ನೆತ್ತಿಯಲ್ಲಿ ಇವರು ಕೊರೆದ ಸುರಂಗದ ಉದ್ದ 1,659 ಅಡಿ. ಕಲ್ಲು ಎಷ್ಟು ಕಠಿಣವೆಂದರೆ, ಕೈಯುಳಿ, ಸುತ್ತಿಗೆ, ಮದ್ದುಗಳಿಂದ ಹಗಲಿರುಳು ದುಡಿದರೂ ಕೆಲಸವು ಅಂಗುಲಗಳ ಲೆಕ್ಕದಲ್ಲಿ ಮುಂದುವರಿಯುತ್ತಿತ್ತು. ಚಳಿಗಾಲದ ಹಿಮಪಾತದಲ್ಲಿ ಬಿಡಾರಗಳೇ ಹೂತುಹೋದುದುಂಟು. ಸತ್ತವರ ಲೆಕ್ಕವನ್ನು ಕಂಪೆನಿಯು ಇಡಲಿಲ್ಲ.

ಕೂಲಿಯಲ್ಲಿಯೂ ಭೇದವಿತ್ತು. ಬಿಳಿಯರಿಗೆ ಸಂಬಳದೊಡನೆ ಊಟವಸತಿಗಳು ದೊರೆಯುತ್ತಿದ್ದವು. ಚೀನೀಯರು ತಮ್ಮ ಅನ್ನವನ್ನು ತಾವೇ ಕೊಂಡುಕೊಳ್ಳಬೇಕಾಗಿತ್ತು. 1867ರ ಜೂನ್ ತಿಂಗಳಲ್ಲಿ ಸುಮಾರು 3,000 ಮಂದಿ, ಹೆಚ್ಚು ಕೂಲಿಯನ್ನೂ ಕಡಿಮೆ ದುಡಿತದ ಹೊತ್ತನ್ನೂ ಬೇಡಿ, ಯಾವ ಗಲಭೆಯೂ ಇಲ್ಲದೆ ಕೆಲಸ ನಿಲ್ಲಿಸಿದರು. ಕಂಪೆನಿಯು ಆಹಾರದ ಸರಬರಾಜನ್ನೇ ತಡೆಯಿತು. ಹಸಿವಿಗೆ ಸೋತು ಅವರು ಮತ್ತೆ ಉಳಿ ಹಿಡಿದರು.

ಇವರ ಹೆಸರುಗಳು ಏಕೆ ಉಳಿಯಲಿಲ್ಲ? ನಮ್ಮ ಮಲೆನಾಡಿನ ಕಾಫಿತೋಟಗಳ ಮೇಸ್ತ್ರಿಯ ಪದ್ಧತಿಯನ್ನು ಬಲ್ಲವರಿಗೆ ಇದರ ಕಾರಣವು ಸುಲಭವಾಗಿ ತಿಳಿಯುವುದು. ಕಂಪೆನಿಯು ಬಹುತೇಕ ಪಡೆಯ ಮುಖಂಡನ ಹೆಸರಿಗೆ ಹಣವನ್ನು ಬರೆದುಕೊಳ್ಳುತ್ತಿತ್ತು. ಅವನ ಕೈಕೆಳಗಿನವರು ಬರಿಯ ಸಂಖ್ಯೆ. 1869ರ ಏಪ್ರಿಲ್ 28ರಂದು ಒಂದೇ ದಿನದಲ್ಲಿ 10 ಮೈಲಿ ಹಳಿ ಹಾಸಿದ ಸಾಹಸದಲ್ಲಿ, ಕಂಬಿಗಳನ್ನು ಎತ್ತಿಟ್ಟ 8 ಮಂದಿ ಐರಿಷರ ಹೆಸರುಗಳು ದಾಖಲೆಯಲ್ಲಿವೆ. ಅವರೊಡನೆ ಬೆವರು ಸುರಿಸಿದ ಸಾವಿರಾರು ಚೀನೀಯರ ಹೆಸರುಗಳಿಲ್ಲ. ಅದೇ ವರ್ಷದ ಮೇ 10ರಂದು ಪ್ರಾಮಂಟರಿ ಎಂಬಲ್ಲಿ ಎರಡು ಹಾದಿಗಳೂ ಕೂಡಿಕೊಂಡವು. ಹದಿಮೂರು ವರ್ಷಗಳ ತರುವಾಯ, 1882ರಲ್ಲಿ, ಚೀನೀ ಕೂಲಿಕಾರರು ಒಳಗೆ ಬಾರದಂತೆ ಅದೇ ದೇಶವು ಶಾಸನ ಮಾಡಿತು. ಅದು ರದ್ದಾದುದು 1943ರಲ್ಲಿ. ಕಟ್ಟಕಡೆಗೆ 2014ರಲ್ಲಿ ಅಲ್ಲಿನ ಕಾರ್ಮಿಕ ಇಲಾಖೆಯು ಈ ರೈಲ್ವೆ ಕೆಲಸಗಾರರನ್ನು ತನ್ನ ಗೌರವಪಟ್ಟಿಗೆ ಸೇರಿಸಿಕೊಂಡಿತು.

ಕೊಂಕಣ ರೈಲ್ವೆಯ ಕೆಲಸದಲ್ಲಿ ಮಡಿದವರಿಗಾಗಿ ರತ್ನಾಗಿರಿಯಲ್ಲಿ ಶ್ರಮಶಕ್ತಿ ಸ್ಮಾರಕವಿದೆ. ಇದು ಸಂತೋಷದ ಸಂಗತಿ. ಆದರೆ ಕಲ್ಲಿನ ಸ್ಮಾರಕಕ್ಕಿಂತ ಮೊದಲು ಬೇಕಾದುದು ಕಾಗದದ ಹಾಜರಿಪಟ್ಟಿ. ಬದುಕಿದ್ದಾಗ ಹೆಸರು ಬರೆದುಕೊಂಡರೆ ಕೂಲಿಯೂ ಸರಿಯಾಗಿ ಸಲ್ಲುವುದು. ಸತ್ತರೆ ಮನೆಗೆ ಸುದ್ದಿಯೂ ಮುಟ್ಟುವುದು. ಕಾರವಾರದ ಸುರಂಗದ ಕತ್ತಲೆಯಲ್ಲಿ ಬಂಡಿಯು ಸಾಗುವ ಆ ಕೆಲವು ನಿಮಿಷಗಳಲ್ಲಿ ಈ ಮಾತು ತಮ್ಮ ನೆನಪಿಗೆ ಬಂದರೆ ನನ್ನ ಭಾಷಣವು ಸಾರ್ಥಕವಾದಂತೆ.