ಮೊದಲ ಸಂಬಳ ನೋಡಿ ಕಸುಬನ್ನು ಅಳೆಯಬಹುದೇ?

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ವಾರ ತುಮಕೂರಿನ ಮನೆಮನೆಯಲ್ಲೂ ಒಂದೇ ಲೆಕ್ಕ. ತೊಂಬತ್ತರ ಮೇಲೆ ಬಂದರೆ ಸೈನ್ಸ್, ಎಪ್ಪತ್ತಾದರೆ ಕಾಮರ್ಸ್, ಅಂತೂ ಇಂತೂ ಪಾಸಾದರೆ ಐಟಿಐ. ಈ ಲೆಕ್ಕದ ಸುತ್ತ ಬೆಳೆದ ನಂಬಿಕೆಗಳಲ್ಲಿ ಕೆಲವು ಪೂರಾ ಸುಳ್ಳು, ಕೆಲವು ಅರ್ಧ ಸುಳ್ಳು. ಅರ್ಧ ಸುಳ್ಳಿನವೇ ಹೆಚ್ಚು ಕೆಡಿಸುತ್ತವೆ.

ನಂಬಿಕೆ: ಐಟಿಐಗೆ ಸೇರಿದರೆ ಓದು ಅಲ್ಲಿಗೆ ಮುಗಿಯಿತು.

ಪೂರಾ ಸುಳ್ಳು. ಎರಡು ವರ್ಷದ ಫಿಟ್ಟರ್, ಟರ್ನರ್, ಮಷಿನಿಸ್ಟ್ ಅಥವಾ ಎಲೆಕ್ಟ್ರಿಷಿಯನ್ ಕೋರ್ಸ್ ಮುಗಿಸಿದವರು ಡಿಪ್ಲೊಮಾದ ಎರಡನೇ ವರ್ಷಕ್ಕೆ ನೇರವಾಗಿ ಸೇರಬಹುದು. ಡಿಪ್ಲೊಮಾ ಆದವರು ಬಿ.ಇ. ಎರಡನೇ ವರ್ಷಕ್ಕೆ. ಇನ್ನು ಓದಲಾರೆ ಎನ್ನುವವರಿಗೂ ದಾರಿಗಳಿವೆ. ಇಸ್ರೊದ ಟೆಕ್ನೀಷಿಯನ್-ಬಿ ಹುದ್ದೆಗೆ ಕೇಳುವುದು ಎಸ್ಸೆಸ್ಸೆಲ್ಸಿ ಮತ್ತು ಐಟಿಐ ಮಾತ್ರ. ಏಳನೇ ವೇತನ ಆಯೋಗದ ಪ್ರಕಾರ ಮೂಲ ವೇತನ 21,700 ರೂಪಾಯಿಯಿಂದ ಆರಂಭ, ತುಟ್ಟಿಭತ್ಯೆ, ಮನೆಬಾಡಿಗೆ ಭತ್ಯೆ ಬೇರೆ. ರೈಲು ಓಡಿಸುವ ಅಸಿಸ್ಟೆಂಟ್ ಲೋಕೊ ಪೈಲಟ್ ಹುದ್ದೆಗೂ ಐಟಿಐ ನಡೆಯುತ್ತದೆ, ಅಲ್ಲಿ ಆರಂಭ 19,900. ಇವಕ್ಕೆ ಪೈಪೋಟಿ ವಿಪರೀತ, ಅದು ಬೇರೆ ಮಾತು.

ನಂಬಿಕೆ: ಕೈಕೆಲಸದಲ್ಲಿ ದುಡ್ಡಿಲ್ಲ.

ಮೊದಲ ವರ್ಷದ ಮಟ್ಟಿಗೆ ಇದು ನಿಜ. ಅಪ್ರೆಂಟಿಸ್ ಆದವರಿಗೆ 2019ರಲ್ಲಿ ಕೇಂದ್ರ ಸರ್ಕಾರ ಗೊತ್ತುಮಾಡಿದ ಕನಿಷ್ಠ ಸ್ಟೈಪೆಂಡ್, ಓದಿಗೆ ತಕ್ಕಂತೆ, ತಿಂಗಳಿಗೆ 5,000ದಿಂದ 9,000 ರೂಪಾಯಿ. ತುಮಕೂರಿನಲ್ಲಿ ರೂಮು ಮಾಡಿ ಊಟ ಮಾಡಿದರೆ ಉಳಿಯುವುದೇನೂ ಇಲ್ಲ. ಎಷ್ಟೋ ಹುಡುಗರು ಇಲ್ಲೇ ಬೇಸತ್ತು ಡೆಲಿವರಿ ಬೈಕ್ ಹತ್ತುತ್ತಾರೆ. ಆ ತಿಂಗಳಿಗೆ ಅದರಲ್ಲೇ ಹೆಚ್ಚು ಸಿಗುತ್ತದೆ, ನಿಜ. ಆದರೆ ಬೈಕಿನಲ್ಲಿ ಐದನೇ ವರ್ಷವೂ ಅದೇ ಕೆಲಸ. ತುಮಕೂರು ಪಕ್ಕದ ವಸಂತನರಸಾಪುರ ಕೈಗಾರಿಕಾ ಪ್ರದೇಶದ ಶೆಡ್ಡುಗಳಲ್ಲಿ ಹಾಗಲ್ಲ.

ಸಿಎನ್‌ಸಿ ಯಂತ್ರದ ಮುಂದೆ ನಿಂತವರೆಲ್ಲ ಒಂದೇ ಕೆಲಸದವರಲ್ಲ. ಜಾಬ್ ಕಟ್ಟಿ, ಬಟನ್ ಒತ್ತಿ, ಬಿಚ್ಚಿ ಇಡುವವರು ಆಪರೇಟರ್. ಡ್ರಾಯಿಂಗ್ ಓದಿ ಹೊಸ ಜಾಬಿಗೆ ಯಂತ್ರ ಸಜ್ಜು ಮಾಡುವವರು, ಟೂಲ್ ಸವೆದಾಗ ಆಫ್‌ಸೆಟ್ ತಿದ್ದುವವರು, ಅಳತೆ ಹತ್ತು ಮೈಕ್ರಾನ್ ಆಚೀಚೆ ಆದರೆ ಕಾರಣ ಹುಡುಕುವವರು ಸೆಟ್ಟರ್. ಆಪರೇಟರ್ ರಜೆ ಹಾಕಿದರೆ ಪಕ್ಕದವರು ನೋಡಿಕೊಳ್ಳುತ್ತಾರೆ. ಸೆಟ್ಟರ್ ಬರದಿದ್ದರೆ ಹೊಸ ಜಾಬ್ ಶುರುವಾಗುವುದೇ ಇಲ್ಲ. ಸಂಬಳ ಏರುವ ಮೆಟ್ಟಿಲು ಇವೆರಡರ ನಡುವೆ ಇದೆ. ಅದನ್ನು ಯಾರೂ ಕರೆದು ಹತ್ತಿಸುವುದಿಲ್ಲ.

ವೆಲ್ಡಿಂಗ್ ಇನ್ನೂ ಒಳ್ಳೆಯ ಉದಾಹರಣೆ. ಐಟಿಐ ಕೋರ್ಸ್ ಒಂದೇ ವರ್ಷ, ಗೇಟು ಗ್ರಿಲ್ಲಿಗೆ ಧಾರಾಳ ಸಾಕು. ಬಾಯ್ಲರ್, ತೈಲ ಶುದ್ಧೀಕರಣ ಘಟಕದ ಪೈಪುಗಳಿಗೆ 6ಜಿ ಪರೀಕ್ಷೆ ಬೇಕು: ಪೈಪನ್ನು 45 ಡಿಗ್ರಿ ಓರೆಯಾಗಿ ಬಿಗಿದಿರುತ್ತಾರೆ, ಅದನ್ನು ತಿರುಗಿಸುವಂತಿಲ್ಲ. ವೆಲ್ಡರೇ ಬಗ್ಗಿ, ಕೂತು, ತಲೆಯೆತ್ತಿ ಸುತ್ತಲೂ ಬೆಸೆಯಬೇಕು. ಆಮೇಲೆ ಎಕ್ಸ್‌ರೇಯಲ್ಲಿ ಒಳಗಿನ ಗಾಳಿಗುಳ್ಳೆಯೂ ಸಿಕ್ಕಿಬೀಳುತ್ತದೆ. ಇಂಥ ಕೆಲಸಕ್ಕೆ ಅನುಸರಿಸುವ ಎಎಸ್‌ಎಂಇ ನಿಯಮದಂತೆ ಆರು ತಿಂಗಳು ಆ ವಿಧಾನದಲ್ಲಿ ಬೆಸೆಯದಿದ್ದರೆ ಅರ್ಹತೆ ಹೋಗುತ್ತದೆ, ಮತ್ತೆ ಪರೀಕ್ಷೆ. ಬಿ.ಇ. ಸರ್ಟಿಫಿಕೇಟಿಗೆ ಇಂಥ ನಿಯಮ ಇದ್ದಿದ್ದರೆ ನಮ್ಮಲ್ಲಿ ಎಷ್ಟು ಎಂಜಿನಿಯರ್‌ಗಳು ಉಳಿಯುತ್ತಿದ್ದರೋ!

ನಂಬಿಕೆ: ಹೆಲಿಕಾಪ್ಟರ್ ಕಾರ್ಖಾನೆ ಬಂದಿದೆ, ಗುಬ್ಬಿ ಹುಡುಗರಿಗೆ ಕೆಲಸ ಗ್ಯಾರಂಟಿ.

ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನ 615 ಎಕರೆಯಲ್ಲಿ ಎಚ್‌ಎಎಲ್ ಘಟಕಕ್ಕೆ ಶಂಕುಸ್ಥಾಪನೆ ಆದದ್ದು 2016ರ ಜನವರಿಯಲ್ಲಿ, ಉದ್ಘಾಟನೆ 2023ರ ಫೆಬ್ರುವರಿ 6ರಂದು. ಏಳು ವರ್ಷ. ಶಂಕುಸ್ಥಾಪನೆಯ ದಿನ ಹತ್ತನೇ ತರಗತಿಯಲ್ಲಿದ್ದವರು ಆ ಹೊತ್ತಿಗೆ ಇಪ್ಪತ್ತೆರಡು ದಾಟಿದ್ದರು. ಕೇಂದ್ರದ ಕಂಪನಿ ಆಯ್ಕೆ ಮಾಡುವುದು ಟ್ರೇಡ್ ಸರ್ಟಿಫಿಕೇಟ್ ಮತ್ತು ಪರೀಕ್ಷೆ ನೋಡಿ. ಕಾವಲಿನ ಪಕ್ಕದ ಊರು ಎಂಬುದು ಅರ್ಹತೆಯಲ್ಲ. ಹಗುರ ಹೆಲಿಕಾಪ್ಟರಿನ ಮೈ ಜೋಡಿಸುವ ರಿವೆಟಿಂಗ್, ಶೀಟ್ ಮೆಟಲ್ ಕೆಲಸ ಕಲಿತಿದ್ದರೆ ಮಾತ್ರ ಹತ್ತಿರದ ಊರಿನಿಂದ ಲಾಭ. ಕಾರ್ಖಾನೆಯ ಒಳಗೆ ದುಡಿಯುವವರೆಲ್ಲ ಕಂಪನಿಯ ನೌಕರರೂ ಅಲ್ಲ. ಯಾವುದೇ ಕೈಗಾರಿಕಾ ಪ್ರದೇಶಕ್ಕೆ ಹೋಗಿ ನೋಡಿ, ಗೇಟಿನ ಮೇಲಿನ ಹೆಸರು ಒಂದು, ಸಂಬಳ ಕೊಡುವ ಗುತ್ತಿಗೆದಾರನ ಹೆಸರು ಇನ್ನೊಂದು. ಸೇರುವ ದಿನವೇ ಪಿಎಫ್, ಇಎಸ್‌ಐ ನಂಬರ್ ಕೇಳಿ ಪಡೆಯುವುದು ಅವಮಾನವಲ್ಲ.

ಅದೇ 2016ರ ಜನವರಿಯಲ್ಲಿ ಎಚ್‌ಎಂಟಿ ವಾಚಸ್ ಮುಚ್ಚಲು ಕೇಂದ್ರ ಸಂಪುಟ ಒಪ್ಪಿತು. ತುಮಕೂರಿನ ಗಡಿಯಾರ ಕಾರ್ಖಾನೆಯ ಜಾಗ ಇಸ್ರೊಗೆ ಹೋಯಿತು. ಒಂದು ಕಾಲಕ್ಕೆ ಆ ಗೇಟಿನೊಳಗೆ ಕೆಲಸ ಸಿಕ್ಕಿದರೆ ಜೀವನ ಆದಂತೆ ಎಂದು ಇದೇ ಊರು ನಂಬಿತ್ತು.

ನಂಬಿಕೆ: ಒಳ್ಳೆಯ ದುಡಿಮೆಗೆ ಬೆಂಗಳೂರಿಗೇ ಹೋಗಬೇಕು.

ಏಪ್ರಿಲ್ ತಿಂಗಳಲ್ಲಿ ಗುಬ್ಬಿಯ ಮೋಟಾರ್ ವೈಂಡಿಂಗ್ ಅಂಗಡಿಗೆ ಹೋಗಿ ನೋಡಿ. ಮೂರು ಫೇಸಿನಲ್ಲಿ ಒಂದು ಹೋದರೆ ಉಳಿದ ಕಾಯಿಲುಗಳ ಮೇಲೆ ಕರೆಂಟು ಏರಿ ಬೋರ್‌ವೆಲ್ ಮೋಟಾರ್ ಸುಡುತ್ತದೆ. ಅಡಿಕೆ ತೋಟ ಒಣಗುತ್ತಿರುವವರು ಎರಡು ದಿನ ಕಾಯುವುದಿಲ್ಲ, ದರ ಚೌಕಾಸಿಯನ್ನೂ ಮಾಡುವುದಿಲ್ಲ. ಎಲೆಕ್ಟ್ರಿಷಿಯನ್ನರಿಗೆ ಇನ್ನೊಂದು ಮೆಟ್ಟಿಲಿದೆ. ಹೊಸ ಮನೆಗೆ ಬೆಸ್ಕಾಂ ಸಂಪರ್ಕ ಬೇಕಾದರೆ ಪರವಾನಗಿ ಇರುವ ಗುತ್ತಿಗೆದಾರರು ವೈರಿಂಗ್ ವರದಿಗೆ ಸಹಿ ಹಾಕಬೇಕು. ಬೇರೆಯವರ ಕೈಕೆಳಗೆ ದಿನಗೂಲಿಗೆ ವೈರ್ ಎಳೆಯುವುದಕ್ಕೂ ಆ ಸಹಿ ಹಾಕುವುದಕ್ಕೂ ನಡುವಿನ ಅಂತರ ವಿದ್ಯುತ್ ಪರಿವೀಕ್ಷಣಾಲಯದ ಪರವಾನಗಿ. ಅನುಭವಿಗಳಲ್ಲೂ ಎಷ್ಟೋ ಮಂದಿ ಅದಕ್ಕೆ ಅರ್ಜಿಯನ್ನೇ ಹಾಕುವುದಿಲ್ಲ.

ಕುಣಿಗಲ್ಲಿನ ಕುದುರೆ ಫಾರಂನಂಥ ಕಡೆ ಗೊರಸು ಕೆತ್ತುವವರ ಕೆಲಸ ಇನ್ನೂ ಸೂಕ್ಷ್ಮ. ಮರಿಯ ಗೊರಸನ್ನು ಮೊದಲ ತಿಂಗಳುಗಳಲ್ಲಿ ಹೇಗೆ ಕೆತ್ತುತ್ತಾರೆ ಎಂಬುದರ ಮೇಲೆ ಅದರ ಕಾಲಿನ ನೇರ ನಿಂತಿದೆ. ಓಟದ ಕುದುರೆಗೆ ಕಾಲೇ ಬೆಲೆ.

ಹೆಣ್ಣುಮಕ್ಕಳಿಗೆ ಇದಾವುದೂ ಆಗದು ಎಂಬ ಮಾತಿಗೆ ಉದ್ದದ ಉತ್ತರ ಬೇಡ. ಮೈಕ್ರಾನ್ ಅಳೆಯಲು ಬೇಕಾದದ್ದು ತೋಳ್ಬಲವಲ್ಲ.

ಐಟಿಐ ಆರಿಸುವಾಗ ಕಟ್ಟಡ ನೋಡಿ ಮರುಳಾಗಬೇಡಿ. ಕೇಂದ್ರದ ತರಬೇತಿ ಮಹಾನಿರ್ದೇಶನಾಲಯದ (ಡಿಜಿಟಿ) ಮಾನ್ಯತೆ ಇದೆಯೇ, ಹೋದ ವರ್ಷದವರು ಯಾವ ಕಾರ್ಖಾನೆಯಲ್ಲಿ ಅಪ್ರೆಂಟಿಸ್ ಆಗಿದ್ದಾರೆ ಎಂದು ಕೇಳಿ. ವರ್ಕ್‌ಶಾಪಿಗೆ ಕರೆದುಕೊಂಡು ಹೋಗಲು ಹೇಳಿ. ಲೇತಿಗೆ ಹೊದಿಕೆ ಹಾಕಿ ಧೂಳು ಹಿಡಿಸಿದ್ದರೆ ಫೀಸು ಎಷ್ಟೇ ಕಡಿಮೆ ಇರಲಿ, ಬೇರೆ ಕಡೆ ನೋಡಿ.