ಮಸ್ಸೊಪ್ಪಿನ ಪಾಕಕ್ರಮ

ಕೋಲಾರದಿಂದ ಮಂಡ್ಯದವರೆಗೆ, ತುಮಕೂರಿನಿಂದ ಚಾಮರಾಜನಗರದವರೆಗೆ ಹಬ್ಬಿರುವ ಹಳೆಯ ಮೈಸೂರು ಸೀಮೆಯ ಬಯಲಿನಲ್ಲಿ, ರಾಗಿಮುದ್ದೆಯ ಪಕ್ಕಕ್ಕೆ ನಿತ್ಯವೂ ಬಂದು ಕೂರುವ ವ್ಯಂಜನಗಳ ಪೈಕಿ ಮಸ್ಸೊಪ್ಪಿನಷ್ಟು ನಿರಾಡಂಬರವಾದದ್ದು ವಿರಳ. ಹುರಿದು ಅರೆದ ಮಸಾಲೆಯನ್ನು ಅದು ಬೇಡುವುದಿಲ್ಲ, ತೆಂಗಿನಕಾಯಿಯನ್ನೂ ಕೇಳುವುದಿಲ್ಲ. ಬೇಳೆ, ಕಾಳು, ಸೊಪ್ಪು, ಹಸಿಮೆಣಸಿನಕಾಯಿ, ಈರುಳ್ಳಿ, ಹುಣಿಸೆಹಣ್ಣು, ಉಪ್ಪು, ಚಿಟಿಕೆ ಅರಿಸಿನ, ಒಂದು ಒಗ್ಗರಣೆ—ಇಷ್ಟರಲ್ಲಿಯೇ ಅದರ ಸಂಭಾರ ಮುಗಿಯಿತು. ಇಷ್ಟು ಮಿತವಾದ ಸಾಮಗ್ರಿಯಿಂದ ಇಂಥ ರುಚಿ ಹೇಗೆ ಒದಗೀತೆಂದು ವಿಚಾರಿಸಿದರೆ, ಯಾವುದನ್ನು ಯಾವ ಹೊತ್ತಿಗೆ ಪಾತ್ರೆಗೆ ಹಾಕಬೇಕು, ಮಸೆಯುವ ಕೈಯನ್ನು ಎಲ್ಲಿಗೆ ನಿಲ್ಲಿಸಬೇಕು ಎಂಬ ವಿವೇಚನೆಯಲ್ಲಿಯೇ ಅದರ ಸರ್ವಸ್ವವೂ ಅಡಗಿದೆಯೆಂದು ಹೇಳಬೇಕಾಗುತ್ತದೆ.

ದ್ವಿದಳಧಾನ್ಯವನ್ನೂ ಹಸುರೆಲೆಯನ್ನೂ ಒಟ್ಟಿಗೆ ಬೇಯಿಸಿ ಮಸೆದು, ಅದರಲ್ಲಿ ರೊಟ್ಟಿಯನ್ನೋ ಮುದ್ದೆಯನ್ನೋ ಅದ್ದಿ ತಿನ್ನುವ ಪದ್ಧತಿ ನಮ್ಮವರಿಗೆ ಮಾತ್ರ ಹೊಳೆದುದಲ್ಲ. ಈಜಿಪ್ಟಿನವರು ಒಣಗಿದ ಫಾವಾ ಬೇಳೆಗೆ ಕೊತ್ತಂಬರಿ, ಸಬ್ಬಸಿಗೆ, ಪುದೀನಗಳನ್ನು ಕೂಡಿಸಿ ಬಿಸಾರಾ ಮಾಡುವರು. ಇಟಲಿಯ ದಕ್ಷಿಣದ ಪುಲಿಯಾ ಪ್ರಾಂತದವರು ಅದೇ ಬೇಳೆಯ ಮುದ್ದೆಯ ಜೊತೆಗೆ ಕಹಿಯಾದ ಕಾಡುಸೊಪ್ಪನ್ನು ಬಡಿಸುವರು. ಆದರೆ ದಖ್ಖನಿನ ನೆಲದಲ್ಲಿ ಕಾಳಿನ ಬೇಸಾಯ ತಾನೇ ಅತಿ ಪ್ರಾಚೀನವಾದದ್ದು: ಬಳ್ಳಾರಿಯ ಹತ್ತಿರದ ಸಂಗನಕಲ್ಲು, ತುಂಗಭದ್ರೆಯ ದಂಡೆಯ ಹಳ್ಳೂರು ಮೊದಲಾದ ನವಶಿಲಾಯುಗದ ನೆಲೆಗಳಲ್ಲಿ ಕರಿಕಾದ ಹುರುಳಿ, ಹೆಸರು ಕಾಳುಗಳು ದೊರೆತಿರುವುದರಿಂದ, ಸುಮಾರು 3,500 ವರ್ಷಗಳ ಹಿಂದೆಯೇ ಇಲ್ಲಿಯ ಒಲೆಗಳ ಮೇಲೆ ಕಾಳು ಬೇಯುತ್ತಿತ್ತೆಂಬುದು ನಿಸ್ಸಂದೇಹ.

ಮಸ್ಸೊಪ್ಪಿಗೆ ಒಂದೇ ಬಗೆಯ ಸೊಪ್ಪು ಸಾಲದು; ಬೆರಕೆಸೊಪ್ಪು ಬೇಕು. ಮುಂಗಾರಿನ ಮಳೆ ಬಿದ್ದು ರಾಗಿಯ ಪೈರು ಗೇಣುದ್ದ ಎದ್ದು ನಿಂತಾಗ, ಅದರ ಸಾಲುಗಳ ನಡುವೆ ಅಣ್ಣೆಸೊಪ್ಪು ಕಳೆಯಾಗಿ ತಲೆಯೆತ್ತುತ್ತದೆ. ತೇವದ ಬದುವಿನಲ್ಲಿ ಹೊನಗೊನೆ ಹರಡುತ್ತದೆ. ಹಿತ್ತಿಲ ಅಂಚಿನಲ್ಲಿ ಗಣಿಕೆಯೂ ನೆಲಕ್ಕಂಟಿದ ಗೋಣಿಸೊಪ್ಪೂ ಕಾಣಿಸಿಕೊಳ್ಳುತ್ತವೆ. ಕಳೆ ಕೀಳಲು ಹೋದ ಹೆಂಗಸರು ಸಂಜೆ ಮಡಿಲು ತುಂಬ ತರುವ ಈ ಎಲೆಗಳಲ್ಲಿ ಒಂದೊಂದಕ್ಕೂ ಒಂದೊಂದು ಗುಣವುಂಟು. ಗಣಿಕೆಯ ಕಿರುಗಹಿ, ಗೋಣಿಸೊಪ್ಪಿನ ಹುಳಿ ಮತ್ತು ಲೋಳೆ, ದಂಟಿನ ಸೊಪ್ಪಿನ ಸಪ್ಪೆಯಾದ ಸಿಹಿ, ಸಬ್ಬಸಿಗೆಯ ಪರಿಮಳ ಇವು ಬಿಡಿಬಿಡಿಯಾಗಿದ್ದಾಗ ಅತಿಯೆನಿಸಿದರೂ, ಕೂಡಿದಾಗ ಒಂದರ ದೋಷವನ್ನು ಮತ್ತೊಂದು ಪರಿಹರಿಸುತ್ತದೆ. ಕಹಿಯದು ಒಂದು ಹಿಡಿ, ಪರಿಮಳದ್ದು ಅರ್ಧ ಹಿಡಿ, ಉಳಿದದ್ದೆಲ್ಲ ಸೌಮ್ಯವಾದ ಸೊಪ್ಪು—ಇದು ಬಲ್ಲವರ ಕೈಯಳತೆ.

ನಾಲ್ವರ ಊಟಕ್ಕೆ ಅರ್ಧ ಪಾವು ತೊಗರಿಬೇಳೆ, ಒಂದು ಹಿಡಿ ಅಲಸಂದೆಕಾಳು, ಬಿಡಿಸಿ ತೊಳೆದು ಒತ್ತಿ ಅಳೆದರೆ ಸೇರಿನಷ್ಟಾಗುವ ಸೊಪ್ಪು, ಆರೇಳು ಹಸಿಮೆಣಸಿನಕಾಯಿ, ಒಂದು ಈರುಳ್ಳಿ, ಗೋಲಿಗಾತ್ರದ ಹುಣಿಸೆಹಣ್ಣು ಇದ್ದರೆ ಸಾಕು. ಅಲಸಂದೆಯನ್ನು ಹಿಂದಿನ ರಾತ್ರಿಯೇ ನೆನೆಹಾಕಿ ಆ ನೀರನ್ನು ಚೆಲ್ಲತಕ್ಕದ್ದು. ಹೊಟ್ಟೆಯುಬ್ಬರಕ್ಕೆ ಕಾರಣವಾದ ಸಕ್ಕರೆಗಳಲ್ಲಿ ಒಂದು ಪಾಲು ಅದರೊಡನೆಯೇ ಹೋಗುತ್ತದೆ. ಮೊದಲು ಕಾಳು, ಅದು ಅರೆಬೆಂದ ಮೇಲೆ ಬೇಳೆ, ಜೊತೆಗೆ ಚಿಟಿಕೆ ಅರಿಸಿನ ಮತ್ತು ಉಕ್ಕು ತಡೆಯಲು ಒಂದು ತೊಟ್ಟು ಎಣ್ಣೆ. ಈ ಹಂತದಲ್ಲಿ ಹುಣಿಸೆಯನ್ನು ಪಾತ್ರೆಯ ಬಳಿ ಸುಳಿಯಗೊಡಬಾರದು. ಹುಳಿ ತಾಗಿದ ಬೇಳೆ ಒಳಗೊಳಗೇ ಬಿಗಿದುಕೊಂಡು ಎಷ್ಟು ಕುದಿಸಿದರೂ ಮೆತ್ತಗಾಗಲೊಲ್ಲದು. ಕೊಳವೆಬಾವಿಯ ಗಡಸು ನೀರಿನಿಂದಲೂ ಇದೇ ತೊಡಕು. ಅದಕ್ಕೆಂದು ಸೋಡಾ ಹಾಕುವವರುಂಟು. ಬೇಳೆಯೇನೋ ಬೇಗ ಬೇಯುತ್ತದೆ, ಆದರೆ ಅದರಲ್ಲಿದ್ದ ಬಿ1 ಜೀವಸತ್ವ ನಾಶವಾಗುತ್ತದೆ.

ಬೇಳೆ ಒಡೆದು ಅರಳಿದ ಮೇಲೆ ಈರುಳ್ಳಿ, ಮೆಣಸಿನಕಾಯಿ, ಸೊಪ್ಪಿನ ಎಳೆಯ ದಂಟು; ಎರಡು ಕುದಿಯ ಅನಂತರ ಎಲೆ. ಎಲೆ ಬೇಯುವಾಗ ಮುಚ್ಚಳ ಮುಚ್ಚಕೂಡದೆಂದು ಹಿರಿಯರು ಹೇಳುತ್ತಿದ್ದುದಕ್ಕೆ ರಸಾಯನಶಾಸ್ತ್ರದ ಸಮರ್ಥನೆಯೂ ಉಂಟು. ಬೇಯುವ ಎಲೆಯಿಂದ ಹೊರಡುವ ಆಮ್ಲಗಳು ತೆರೆದ ಪಾತ್ರೆಯಿಂದ ಆವಿಯೊಡನೆ ಪಾರಾಗುತ್ತವೆ. ಮುಚ್ಚಿದರೆ ಅವು ಅಲ್ಲಿಯೇ ನಿಂತು ಪತ್ರಹರಿತ್ತಿನೊಳಗಿನ ಮೆಗ್ನೀಸಿಯಮನ್ನು ಹೊರದೂಡಿ, ಹಸುರನ್ನು ಮಂಕಾದ ಕಂದುಬಣ್ಣಕ್ಕೆ ತಿರುಗಿಸುತ್ತವೆ.

ಇನ್ನು ಮಸೆಯುವ ಕಾರ್ಯ. ನೀರಿನಲ್ಲಿ ತೇಲುವ ಸೊಪ್ಪು ಕೋಲಿಗೆ ಸಿಕ್ಕದೆ ಜಾರುವುದರಿಂದ, ಮೊದಲು ಬೆಂದ ನೀರನ್ನು, ಅಂದರೆ ಕಟ್ಟನ್ನು, ಬೇರೊಂದು ಪಾತ್ರೆಗೆ ಬಸಿದಿಟ್ಟುಕೊಂಡು, ಉಳಿದ ಗಟ್ಟಿಯ ಮೇಲೆ ಉಪ್ಪು ಉದುರಿಸಿ ಮರದ ಕೋಲಿನಿಂದ ಒತ್ತೊತ್ತಿ ಮಸೆಯಬೇಕು. ತೊಗರಿ ಪೂರ್ತಿ ಕರಗಿ, ಅಲಸಂದೆ ಅರ್ಧ ಮುರಿದು, ಎಲೆ ಚೂರುಚೂರಾಗಿ, ಆದರೆ ಇದು ಎಲೆಯೆಂದು ನಾಲಗೆಗೆ ಗುರುತು ಸಿಗುವಷ್ಟು ಉಳಿದಿರುವಾಗ ಕೈ ನಿಲ್ಲಬೇಕು. ಮಿಕ್ಸಿಗೆ ಈ ಔಚಿತ್ಯಜ್ಞಾನವಿಲ್ಲ. ಕ್ಷಣಮಾತ್ರದಲ್ಲಿ ಅದು ಎಲ್ಲವನ್ನೂ ಏಕರೂಪವಾದ ಅಂಟನ್ನಾಗಿ ಮಾಡಿಬಿಡುತ್ತದೆ. ಬಳಿಕ ಬಸಿದ ಕಟ್ಟನ್ನು ಬೇಕಾದಷ್ಟೇ ಮರಳಿ ಸುರಿದು, ಹುಣಿಸೆಯ ರಸ ಬೆರೆಸಿ ಒಂದು ಕುದಿ ಬರಿಸಿ ಇಳಿಸಬೇಕು. ಸಾಸಿವೆ, ಜೀರಿಗೆ, ಕರಿಬೇವು, ಒಂದೆರಡು ಬ್ಯಾಡಗಿ ಮೆಣಸಿನಕಾಯಿ, ಜಜ್ಜಿದ ಬೆಳ್ಳುಳ್ಳಿ—ಅದರ ಅಂಚು ಕೆಂಪೇರಿದೊಡನೆಯೇ ಒಗ್ಗರಣೆ ಪಾತ್ರೆಗೆ ಬೀಳಬೇಕು. ತಡವಾದರೆ ಬೆಳ್ಳುಳ್ಳಿ ಕಹಿಯಾಗುತ್ತದೆ.

ಮಸ್ಸೊಪ್ಪಿನ ಹದವನ್ನು ನಿರ್ಣಯಿಸತಕ್ಕದ್ದು ಮುದ್ದೆ. ಮುದ್ದೆಯನ್ನು ಅಗಿಯುವುದಿಲ್ಲ, ನುಂಗುವುದು. ಮುರಿದ ತುತ್ತನ್ನು ಅದ್ದಿ ಎತ್ತಿದಾಗ ಸಾರು ಜಾರಿ ಹೋಗದೆ ತುತ್ತಿನ ಮೈಗೆ ಅಂಟಿ ಗಂಟಲಿಗೆ ಇಳಿಯಬೇಕು. ಬಹಳ ತೆಳುವಾದರೆ ಮುದ್ದೆಗೆ ಹತ್ತದು, ಬಹಳ ಗಟ್ಟಿಯಾದರೆ ಗಂಟಲಲ್ಲಿ ಇಳಿಯದು. ಧಾನ್ಯಗಳಲ್ಲಿ ಕೊರತೆಯಾದ ಲೈಸಿನ್ ಎಂಬ ಅಮೈನೋ ಆಮ್ಲವು ಕಾಳುಬೇಳೆಗಳಲ್ಲಿ ಸಮೃದ್ಧವಾಗಿರುವುದರಿಂದ, ರಾಗಿಯ ನ್ಯೂನತೆಯನ್ನು ಅದೇ ತುತ್ತಿನಲ್ಲಿ ಬೇಳೆ ತುಂಬಿಕೊಡುತ್ತದೆ.

ಈಗ ಮಸ್ಸೊಪ್ಪಿಗೆ ಒದಗಿರುವ ಕಷ್ಟ ಅಡಿಗೆಮನೆಯಲ್ಲಿ ಹುಟ್ಟಿದುದಲ್ಲ. ಕಳೆನಾಶಕ ಸಿಂಪಡಿಸಿದ ಹೊಲದಲ್ಲಿ ಅಣ್ಣೆಸೊಪ್ಪು ಏಳುವುದಿಲ್ಲ. ಎದ್ದರೂ ಅದು ತಿನ್ನಲು ಯೋಗ್ಯವಲ್ಲ. ಸೊಪ್ಪಿನ ಪರಿಚಯವುಳ್ಳ ಕಣ್ಣುಗಳೂ ಹಳ್ಳಿಯಲ್ಲಿ ಕಡಮೆಯಾಗುತ್ತಿವೆ. ಪೇಟೆಯಲ್ಲಿ ಬೆಳಗ್ಗೆ ಬುಟ್ಟಿ ಹೊತ್ತು ಬರುವ ಸೊಪ್ಪಿನವರ ಬಳಿ ಮಾತ್ರ ಆ ವಿದ್ಯೆ ಇನ್ನೂ ಒಂದಿಷ್ಟು ಉಳಿದಿದೆ. “ಮಸ್ಸೊಪ್ಪಿಗೆ ಏನು ಹಾಕಲಿ, ಅಮ್ಮಾ?” ಎಂದು ಕೇಳಿದರೆ, ನಾಲ್ಕು ಕಟ್ಟುಗಳಿಂದ ಸ್ವಲ್ಪ ಸ್ವಲ್ಪ ಕಿತ್ತು, ಹೆಸರು ಹೇಳಿ, ಕಹಿಯದನ್ನು ಕಡಮೆ ಹಾಕೆಂದು ಎಚ್ಚರಿಸಿಯೇ ಅವರು ಕೊಡುವರು. ಆ ಆಯ್ಕೆಯ ಗೊಡವೆಯೇ ಬೇಡವೆಂದು ಒಂದು ಕಟ್ಟು ಪಾಲಕ್ ತಂದು ಕುಕ್ಕರಿನಲ್ಲಿ ಕೂಗಿಸಿದರೆ ಊಟಕ್ಕೆ ಕೊರತೆಯಾಗದು. ಅದು ಸೊಪ್ಪು ಹಾಕಿದ ತೊವ್ವೆಯಾದೀತು, ಮಸ್ಸೊಪ್ಪಾಗದು.