ಕಡಲಡಿಯ ಹಂಚಿನ ಮುದ್ರೆ

ಸಂಕೇಶ್ವರದಿಂದ ಆಜರೆಯ ಮಾರ್ಗವಾಗಿ ಆಂಬೋಲಿ ಘಟ್ಟವನ್ನಿಳಿದರೆ ಸಾವಂತವಾಡಿ, ಅದರಾಚೆ ಗೋಮಾಂತಕ. ನಿಪ್ಪಾಣಿ, ಚಿಕ್ಕೋಡಿಗಳ ಸೀಮೆಗೆ ಸಮೀಪದ ಕಡಲು ಇದೇ. ಗೋಮಾಂತಕದ ತೀರದಲ್ಲಿ, ಸೇಂಟ್ ಜಾರ್ಜ್ ಎಂಬ ಬಂಡೆಸಾಲಿನ ಬಳಿ, ಹೆಸರರಿಯದ ಹಡಗೊಂದರ ಸರಕು ಮುಳುಗಿ ಬಿದ್ದಿದೆ. ಹಂಚು, ಇಟ್ಟಿಗೆ, ಕಂಬದ ಬೋದಿಗೆ ಎಲ್ಲವೂ ಸುಟ್ಟ ಮಣ್ಣಿನವು. ಆದುದರಿಂದಲೇ ಉಪ್ಪುನೀರಿಗೆ ಕರಗದೆ ಉಳಿದಿವೆ. ಅವುಗಳಲ್ಲಿ ಬಾಸೆಲ್ ಮಿಶನ್ ಹಂಚಿನ ಕಾರಖಾನೆಯ ಹೆಸರೂ ೧೮೬೫ ಎಂಬ ಅಂಕೆಯೂ ಮುದ್ರಿತವಾಗಿವೆ.

ಈ ಮುದ್ರೆಯನ್ನು ಶಾಸನದಂತೆಯೇ ಓದಬೇಕು. ಅಷ್ಟೇ ಎಚ್ಚರವೂ ಬೇಕು. ೧೮೬೫ ಮಿಶನ್ನಿನವರು ಮಂಗಳೂರಿನಲ್ಲಿ ಹಂಚಿನ ಉದ್ಯಮವನ್ನು ತೊಡಗಿದ ವರ್ಷ; ಆ ಹಂಚು ಆವಿಗೆಯಲ್ಲಿ ಬೆಂದ ವರ್ಷವೆಂದು ಅದರಿಂದಲೇ ಹೇಳಲಾಗದು. ಹಡಗು ಅದಕ್ಕೆ ಮೊದಲು ಮುಳುಗಿರಲಾರದೆಂಬುದಿಷ್ಟೇ ಸಿದ್ಧ. ಶಾಸನದಲ್ಲಿ ವಂಶದ ಮೂಲಪುರುಷನ ಹೆಸರು ಬಂದ ಮಾತ್ರಕ್ಕೆ ಅದು ಅವನ ಕಾಲದ್ದೆನ್ನಲಾದೀತೆ?

ಕಡಲಡಿಯ ಇಂಥ ಶೋಧಕ್ಕೆ ನಮ್ಮ ದೇಶದಲ್ಲಿ ಅಡಿಪಾಯ ಹಾಕಿದವರು ಕನ್ನಡಿಗರೇ ಆದ ಡಾ. ಶಿಕಾರಿಪುರ ರಂಗನಾಥ ರಾಯರು (೧೯೨೨–೨೦೧೩). ಲೋಥಲ್‌ನ ಉತ್ಖನನದಿಂದ ಖ್ಯಾತರಾದ ಅವರು ೧೯೮೧ರಲ್ಲಿ ಗೋವೆಯ ರಾಷ್ಟ್ರೀಯ ಸಮುದ್ರವಿಜ್ಞಾನ ಸಂಸ್ಥೆಯಲ್ಲಿ ಈ ಶಾಖೆಯನ್ನು ಆರಂಭಿಸಿ, ದ್ವಾರಕೆಯ ಕಡಲನ್ನು ಶೋಧಿಸಿದರು. ಅದೇ ಸಂಸ್ಥೆಯವರು ಮುಂದೆ ಸುಂಚಿ ಬಂಡೆಸಾಲಿನಲ್ಲಿ ಹದಿನೇಳನೆಯ ಶತಮಾನದ ಪೋರ್ತುಗೀಜ ಹಡಗೊಂದರ ಕುರುಹುಗಳನ್ನು ಪರಿಶೀಲಿಸಿದರು: ತೋಪು, ಚೀನೀ ಪಿಂಗಾಣಿ, ಆನೆಯ ದಂತ, ಆಫ್ರಿಕದ ನೀರ್ಗುದುರೆಯ ಹಲ್ಲು. ಅಲ್ಲಿನ ಆಳ ಕೇವಲ ಮೂರರಿಂದ ಆರು ಮೀಟರು.

ಆಳ ಕಡಿಮೆಯೆಂದು ಕೆಲಸ ಸುಲಭವಲ್ಲ. ಬೆನ್ನಿಗೆ ಕಟ್ಟಿದ ಸಿಲಿಂಡರಿನ ಒತ್ತಿದ ಗಾಳಿಯನ್ನು ಮುಳುಗುಗಾರನು ಸುತ್ತಲ ನೀರಿನ ಒತ್ತಡಕ್ಕೆ ಸಮವಾಗಿ ಸೇದುತ್ತಾನೆ. ಉಸಿರು ಬಿಗಿಹಿಡಿದು ಮೇಲೇರಿದರೆ ಆ ಗಾಳಿ ಹಿಗ್ಗಿ ಶ್ವಾಸಕೋಶವನ್ನೇ ಹರಿದೀತು. ಬಂಡೆಯ ಮೇಲೆ ಅಲೆ ಅವನನ್ನು ತೊಟ್ಟಿಲಂತೆ ತೂಗುತ್ತದೆ. ಮಳೆಗಾಲದಲ್ಲಂತೂ ನೀರು ರಾಡಿಯಾಗಿ ಚಾಚಿದ ಕೈಯೂ ಕಾಣದು. ಇಂಥಲ್ಲಿ ಅಳತೆಪಟ್ಟಿ ಹಿಡಿದು, ನೀರಿಗೆ ಕೆಡದ ಹಲಗೆಯ ಮೇಲೆ ಸೀಸದ ಕಡ್ಡಿಯಿಂದ ಪ್ರತಿಯೊಂದು ವಸ್ತುವಿನ ನೆಲೆಯನ್ನು ಗುರುತಿಸಬೇಕು.

ಯಾವುದು ಯಾವುದರ ಮಗ್ಗುಲಿಗಿತ್ತು ಎಂಬುದರಿಂದಲೇ ಸರಕನ್ನು ಹೇಗೆ ತುಂಬಿದ್ದರು, ಹಡಗು ಯಾವ ಕಡೆಗೆ ವಾಲಿತು ಎಂಬುದನ್ನು ಊಹಿಸಬೇಕು. ವಿನೋದಕ್ಕಾಗಿ ಮುಳುಗಿದವನೊಬ್ಬನು ಗುರುತುಮಾಡದೆ ಒಂದು ಹಂಚನ್ನೆತ್ತಿ ಮನೆಯ ಕಪಾಟಿನಲ್ಲಿಟ್ಟರೆ, ಹಂಚೇನೋ ಉಳಿದೀತು, ಶಾಸನದ ಒಂದು ಸಾಲು ಅಳಿಯಿತು. ದಂತ, ಕಬ್ಬಿಣಗಳ ಗತಿ ಇನ್ನೂ ಕಷ್ಟ. ಮೇಲೆ ತಂದೊಡನೆ ಒಣಗಿಸಿದರೆ ಒಳಗಿನ ಉಪ್ಪು ಹರಳುಗಟ್ಟಿ ದಂತ ಸೀಳುತ್ತದೆ, ಕಬ್ಬಿಣ ಪುಡಿಯಾಗುತ್ತದೆ. ಅವನ್ನು ನೀರಿನಲ್ಲೇ ಇರಿಸಿ, ಮೇಲಿಂದ ಮೇಲೆ ಆ ನೀರನ್ನು ಬದಲಿಸುತ್ತ, ಉಪ್ಪು ಬಿಡುವವರೆಗೆ ತಿಂಗಳುಗಟ್ಟಲೆ ಕಾಯಬೇಕು.